ಗುಳೆ ಹೋದವರ ದೇವರು

ಬಳ್ಳಾರಿ ಎಂದರೆ ಹೊರಗಿನವರಿಗೆ ಬಿಸಿಲು, ಅದಿರು, ಗಣಿ ರಾಜಕೀಯ. ಮನೋವೈದ್ಯರಿಗೆ ಮಾತ್ರ ಆ ಹೆಸರು ಬೇರೆಯದೇ ಕಾರಣಕ್ಕೆ ಪರಿಚಿತ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಈ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗವನ್ನು ಗುರುತಿಸುವ, ಔಷಧ ಕೊಡುವ ತರಬೇತಿ ಶುರು ಮಾಡಿತು. ರೋಗಿಯನ್ನು ದೂರದ ಆಸ್ಪತ್ರೆಗೆ ಎಳೆದೊಯ್ಯುವ ಬದಲು ಮಾತ್ರೆಯೇ ಹಳ್ಳಿಗೆ ಬರಲಿ ಎಂಬುದು ಅದರ ಲೆಕ್ಕಾಚಾರ. ಅಲ್ಲಿ ಕಲಿತದ್ದೇ ‘ಬಳ್ಳಾರಿ ಮಾದರಿ’ ಎಂದು ಹೆಸರಾಗಿ, 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬುನಾದಿಯಾಯಿತು. ಹೂವಿನಹಡಗಲಿ, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಆಗ ಬಳ್ಳಾರಿಯ ತಾಲ್ಲೂಕುಗಳೇ. ಕೊಟ್ಟೂರು ಕೂಡ್ಲಿಗಿಯೊಳಗೆ ಇತ್ತು. ಈಗ ಎಲ್ಲವೂ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯ ಪಾಲು.

ಆ ಮಾದರಿಯ ಬೆನ್ನಿಗೆ ಯಾರೂ ಬಾಯಿಬಿಟ್ಟು ಹೇಳದ ಒಂದು ನಂಬಿಕೆ ಇತ್ತು. ರೋಗಿ ಊರಲ್ಲಿ ಇರುತ್ತಾನೆ, ಔಷಧ ಅವನಿದ್ದಲ್ಲಿಗೆ ಹೋದರೆ ಸಾಕು ಎಂಬುದು. ಆದರೆ ಈ ಸೀಮೆಯಲ್ಲಿ ವರ್ಷದ ಅರ್ಧ ಕಾಲ ಊರಲ್ಲಿ ಇಲ್ಲದವರೇ ಬಹಳ.

ತುಂಗಭದ್ರೆ ಪಕ್ಕದಲ್ಲೇ ಹರಿದರೂ ಹೊಲಗಳ ಪಾಲಿಗೆ ಬಹುಮಟ್ಟಿಗೆ ಮುಗಿಲೇ ಗತಿ. ಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ, ನಿಜ. ಆದರೆ ಒಂದೂರಿನ ಹೂ ಐದು ತಾಲ್ಲೂಕಿನ ಹೊಟ್ಟೆ ತುಂಬಿಸಲಾರದು. ಹಿಂಗಾರು ಕೈಕೊಟ್ಟ ವರ್ಷ, ದೀಪಾವಳಿ ಮುಗಿದದ್ದೇ ತಡ ಲಂಬಾಣಿ ತಾಂಡಾಗಳಲ್ಲಿ ಬಾಗಿಲಿಗೆ ಬೀಗ ಬೀಳುತ್ತದೆ. ಮೇಸ್ತ್ರಿ ಕೊಟ್ಟ ಮುಂಗಡ ಅಷ್ಟರಲ್ಲಿ ಖರ್ಚಾಗಿರುತ್ತದೆ. ಕೆಲವರು ಮಂಡ್ಯದ ಕಡೆ ಕಬ್ಬು ಕಡಿಯಲು, ಕೆಲವರು ಚಿಕ್ಕಮಗಳೂರು ಕೊಡಗಿನ ಕಾಫಿ ತೋಟಕ್ಕೆ, ಉಳಿದವರು ಬೆಂಗಳೂರಿನ ಗಾರೆ ಕೆಲಸಕ್ಕೆ ಹೊರಡುತ್ತಾರೆ. ಅಜ್ಜ ಅಜ್ಜಿ ಮತ್ತು ಶಾಲೆಗೆ ಹೋಗುವ ಮಕ್ಕಳು ಊರಲ್ಲಿ ಉಳಿಯುತ್ತಾರೆ. ಇದಕ್ಕೆ ಗುಳೆ ಎನ್ನುತ್ತಾರೆ. ಬರಗಾಲದ ಸುದ್ದಿಯಲ್ಲಿ ಈ ಮಾತು ಪ್ರತಿ ಸಲವೂ ಬರುತ್ತದೆ. ಎಷ್ಟು ಮಂದಿ ಹೋದರು, ಕೂಲಿ ಎಷ್ಟು ಎಂದು ವರದಿಗಳು ಹೇಳುತ್ತವೆ. ಹೋದವರ ಮನಸ್ಸಿಗೆ ಏನಾಯಿತು ಎಂಬುದಕ್ಕೆ ಅಲ್ಲಿ ಜಾಗವಿರುವುದಿಲ್ಲ.

ಅವರೂ ಅದನ್ನು ಮನಸ್ಸಿನ ಕಾಯಿಲೆ ಎಂದು ಹೇಳಿಕೊಳ್ಳುವುದಿಲ್ಲ. ತಲೆ ಭಾರ, ಎದೆ ಉರಿ, ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ, ಜೀವಕ್ಕೆ ಬ್ಯಾಸರ ಎನ್ನುತ್ತಾರೆ. ಶೆಡ್ಡಿನ ಹತ್ತಿರದ ಔಷಧಿ ಅಂಗಡಿಯಲ್ಲಿ ಶಕ್ತಿಯ ಟಾನಿಕ್ಕು, ಇಲ್ಲವಾದರೆ ಒಂದು ಇಂಜೆಕ್ಷನ್ನು. ಅದೂ ನಾಟದಿದ್ದರೆ ಗಾಳಿ ಸೋಕಿರಬೇಕು, ಮನೆದೇವರಿಗೆ ಹರಕೆ ಬಾಕಿ ಇರಬೇಕು ಎಂಬ ಮಾತು ಹುಟ್ಟುತ್ತದೆ. ಇಲ್ಲಿಂದ ವಿಷಯ ವೈದ್ಯರ ಕೈಬಿಟ್ಟು ಧರ್ಮದ ಅಂಗಳಕ್ಕೆ ಬರುತ್ತದೆ.

ಊರು ಬಿಟ್ಟವರ ಈ ಕೊರಗು ಪಾಶ್ಚಾತ್ಯ ವೈದ್ಯಕ್ಕೂ ಹೊಸದಲ್ಲ. 1688ರಲ್ಲಿ ಬಾಸೆಲ್‌ನ ಯೊಹಾನೆಸ್ ಹೋಫರ್ ಎಂಬ ವಿದ್ಯಾರ್ಥಿ, ಮನೆಯಿಂದ ದೂರವಾದ ಸ್ವಿಸ್ ಜನರ ಕೊರಗನ್ನು ಒಂದು ರೋಗವೆಂದೇ ವಿವರಿಸಿ ಪ್ರಬಂಧ ಬರೆದ. 1932ರಲ್ಲಿ ಓಡೆಗಾರ್ಡ್ ಎಂಬ ಮನೋವೈದ್ಯ ಅಮೆರಿಕದ ಮಿನೆಸೋಟಕ್ಕೆ ವಲಸೆ ಹೋದ ನಾರ್ವೆಯವರಲ್ಲಿ ಆಸ್ಪತ್ರೆ ಸೇರುವಷ್ಟು ತೀವ್ರ ಮನೋರೋಗ ಹೆಚ್ಚಾಗಿರುವುದನ್ನು ತೋರಿಸಿಕೊಟ್ಟ. ಆದರೆ ಈ ಪ್ರಶ್ನೆಯನ್ನು ಜಗತ್ತು ಗಂಭೀರವಾಗಿ ಎದುರಿಸಿದ್ದು ವಿಯೆಟ್ನಾಮಿನವರ ಕಾಲಕ್ಕೆ. 1975ರ ಏಪ್ರಿಲ್ 30ರಂದು ಸೈಗಾನ್ ಬಿತ್ತು. ಮುಂದಿನ ಎರಡು ದಶಕಗಳಲ್ಲಿ ಸುಮಾರು 8 ಲಕ್ಷ ಜನ ದೋಣಿಗಳಲ್ಲಿ ದೇಶ ಬಿಟ್ಟು ಇನ್ನೊಂದು ದಡ ಸೇರಿದರು. ಅಮೆರಿಕದ ಓರೆಗಾನ್‌ನಲ್ಲಿ ಡೇವಿಡ್ ಕಿಂಜಿ ಮತ್ತು ಸಂಗಡಿಗರು ಇವರಿಗೆ ಚಿಕಿತ್ಸೆ ಕೊಡಲು ಹೊರಟಾಗ, ಇಂಗ್ಲಿಷಿನಲ್ಲಿದ್ದ ಖಿನ್ನತೆಯ ಪ್ರಶ್ನಾವಳಿ ಕೈಕೊಟ್ಟಿತು. 1982ರಲ್ಲಿ ಅವರು ವಿಯೆಟ್ನಾಮೀ ಭಾಷೆಯಲ್ಲೇ ಹೊಸ ಅಳತೆಪಟ್ಟಿ ಸಿದ್ಧಪಡಿಸಿದರು. ಅದರಲ್ಲಿ ದುಃಖದ ಜೊತೆಗೆ ಮೈಯ ನೋವಿಗೂ ಮಾನ ಹೋದ ಸಂಕಟಕ್ಕೂ ಜಾಗವಿತ್ತು. ಹಡಗಲಿಯ ಕೂಲಿಕಾರನಿಗೆ ಈ ಪಟ್ಟಿ ಓದಿ ಹೇಳಿದರೆ ಬಹುಶಃ ಹೆಚ್ಚು ವಿವರಣೆ ಬೇಕಾಗಲಿಕ್ಕಿಲ್ಲ. ಸಾಲ ತೀರಿಸಲಾಗದೆ ಊರಿಗೆ ಮುಖ ತೋರಿಸಲು ಅಳುಕುವವನಿಗೆ ಮಾನದ ಪ್ರಶ್ನೆಯನ್ನು ಯಾರೂ ಕಲಿಸಬೇಕಿಲ್ಲ.

ಧರ್ಮ ಈ ಕೊರಗಿಗೆ ಏನು ಹೇಳುತ್ತದೆ? ಪ್ರವಚನಗಳಲ್ಲಿ ಸಿದ್ಧ ಉತ್ತರವೊಂದಿದೆ: ಮನೆ ಯಾರದು, ಊರು ಯಾರದು, ನಾವೆಲ್ಲ ನಾಲ್ಕು ದಿನದ ಬಾಡಿಗೆದಾರರು, ಮೋಹ ಬಿಡು. ಸ್ವಂತ ಮನೆಯ ಹಜಾರದಲ್ಲಿ ಕೂತು ಕೇಳುವವರಿಗೆ ಇದು ಹಿತವಾಗಿರುತ್ತದೆ. ನಿಜವಾಗಿಯೂ ಬಾಡಿಗೆಯ ತಗಡಿನ ಶೆಡ್ಡಿನಲ್ಲಿ ಇರುವವನಿಗೆ ಇದನ್ನು ಹೇಳುವುದು ಉಪದೇಶವೋ ಅಣಕವೋ ಎಂದು ಅನುಮಾನ ಬರುತ್ತದೆ.

ಕನ್ನಡ ನಾಡಿನ ಮಟ್ಟಿಗೆ ಈ ಪ್ರಶ್ನೆ ಇನ್ನೂ ಹರಿತ. ಚಲನೆಯನ್ನೇ ದೈವತ್ವಕ್ಕೆ ಏರಿಸಿದ ದರ್ಶನ ಇಲ್ಲಿಯದು. ಹನ್ನೆರಡನೆಯ ಶತಮಾನದ ಶರಣರು ನಿಂತ ಗುಡಿಗಿಂತ ನಡೆಯುವ ಜಂಗಮ ದೊಡ್ಡದು ಎಂದರು. ದೇವರನ್ನು ಗರ್ಭಗುಡಿಯಿಂದ ತೆಗೆದು ಅಂಗೈಗೂ ಎದೆಗೂ ತಂದರು. ಇಷ್ಟಲಿಂಗಕ್ಕೆ ಊರು ಬೇಕಿಲ್ಲ, ಪೂಜಾರಿ ಬೇಕಿಲ್ಲ. ಎಲ್ಲಿ ಹೋದರೂ ಮೈಮೇಲೆ ಇರುತ್ತದೆ. ವಲಸೆಗಾರನಿಗೆ ಇದಕ್ಕಿಂತ ಒಗ್ಗುವ ದೇವರನ್ನು ಯಾರೂ ಕಲ್ಪಿಸಲಾರರು. ವಿಯೆಟ್ನಾಮಿನವರೂ ಹೀಗೆಯೇ. ಕ್ಯಾಲಿಫೋರ್ನಿಯಾದ ಅಪಾರ್ಟ್‌ಮೆಂಟಿನ ಮೂಲೆಯಲ್ಲಿ ಹಿರಿಯರ ಫೋಟೊ, ಊದುಬತ್ತಿ, ಹಣ್ಣು ಇಟ್ಟು ಪೀಠ ಮಾಡಿಕೊಂಡರು. ಇಲ್ಲಿಯ ಕೂಲಿಕಾರ ಶೆಡ್ಡಿನ ತಗಡಿಗೆ ಕೊಟ್ಟೂರೇಶನದೋ ಲಂಬಾಣಿಗರ ಗುರು ಸೇವಾಲಾಲನದೋ ಪಟ ತೂಗುಹಾಕುತ್ತಾನೆ. ಹಾಗಿದ್ದರೆ ದೇವರು ಜೊತೆಗೇ ಬಂದಿದ್ದಾನೆ. ಆದರೂ ನಿದ್ದೆ ಏಕೆ ಬರುವುದಿಲ್ಲ?

ಇದಕ್ಕೆ ಸುಲಭದ ಉತ್ತರ, ಅವರ ಭಕ್ತಿ ಗಟ್ಟಿಯಿಲ್ಲ ಎಂಬುದು. ಅದು ಸುಳ್ಳು. ಬಿಟ್ಟು ಹೋದವನೂ ಬಿಡಿಸಿ ಕಳಿಸಲ್ಪಟ್ಟವನೂ ಒಂದೇ ದಾರಿಯಲ್ಲಿ ನಡೆದರೂ ಇಬ್ಬರ ನಡಿಗೆ ಒಂದಲ್ಲ. ಅಕ್ಕಮಹಾದೇವಿ ಅರಮನೆಯನ್ನು ತಾನಾಗಿ ತೊರೆದಳು, ಸಿದ್ಧಾರ್ಥ ನಡುರಾತ್ರಿ ತಾನಾಗಿ ಎದ್ದು ಹೋದ. ಗುಳೆಯ ಲಾರಿ ಹತ್ತುವವನಿಗೆ ತೊರೆಯಲು ಅರಮನೆ ಇರಲಿಲ್ಲ, ತೊರೆಯಬೇಕೆಂಬ ಬಯಕೆಯೂ ಇರಲಿಲ್ಲ. ವೈರಾಗ್ಯದ ಭಾಷೆಯಲ್ಲಿ ಅವನ ಸಂಕಟವನ್ನು ವಿವರಿಸಹೊರಟರೆ ಅವನಿಗೆ ಆದ ಅನ್ಯಾಯ ಕಾಣೆಯಾಗಿ ಅವನ ಮನೋಬಲದ ಕೊರತೆ ಮಾತ್ರ ಉಳಿಯುತ್ತದೆ.

ಇನ್ನೊಂದು ಸಂಗತಿಯನ್ನು ಪ್ರವಚನಕಾರರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮನೆ ಬಿಟ್ಟವರನ್ನು ಈ ಧರ್ಮಗಳು ಒಂಟಿಯಾಗಿ ಬಿಡಲಿಲ್ಲ. ಬುದ್ಧ ತನ್ನ ಭಿಕ್ಷುಗಳಿಗೆ ಕೊಟ್ಟ ಮೂರು ಆಶ್ರಯಗಳಲ್ಲಿ ಮೂರನೆಯದು ಸಂಘ. ಮಳೆಗಾಲದಲ್ಲಿ ಅವರು ಒಂದೆಡೆ ನಿಲ್ಲಬೇಕೆಂಬ ನಿಯಮವೂ ಇತ್ತು. ಶರಣರಲ್ಲಿ ಜಂಗಮ ತತ್ತ್ವಕ್ಕೆ ದಾಸೋಹ ಎಂಬ ಜೋಡಿ ಇತ್ತು. ನಡೆಯುವವನು ದೊಡ್ಡವನು ಎಂದು ಒಪ್ಪಿದ ಮೇಲೆ, ಬಂದವನಿಗೆ ಬಾಗಿಲು ತೆರೆದು ಅನ್ನ ಇಡುವುದು ಮನೆಯಲ್ಲಿದ್ದವನ ಧರ್ಮವಾಯಿತು. ಕಲ್ಯಾಣವಂತೂ ವಲಸಿಗರ ಪಟ್ಟಣವೇ. ಬಸವಣ್ಣ ಬಾಗೇವಾಡಿ ಬಿಟ್ಟು ಕೂಡಲಸಂಗಮದ ಮೂಲಕ ಅಲ್ಲಿಗೆ ಬಂದವನು. ಮೋಳಿಗೆ ಮಾರಯ್ಯ ಕಾಶ್ಮೀರದಿಂದ ಬಂದು ಕಟ್ಟಿಗೆ ಮಾರಿದ ಎಂದು ಪರಂಪರೆ ಹೇಳುತ್ತದೆ. ಭಾಷೆ ಬೇರೆ, ಊಟ ಬೇರೆ, ಕಸುಬು ಬದಲು, ರಾಜನಾಗಿದ್ದವನು ಕಟ್ಟಿಗೆ ಹೊರುವವನಾದ. ಇಂದಿನ ಮನೋವೈದ್ಯರ ಪಟ್ಟಿಯಲ್ಲಿ ಇವೆಲ್ಲವೂ ಖಿನ್ನತೆಯ ಅಪಾಯಗಳು. ಆದರೂ ಮಾರಯ್ಯನ ಕಥೆ ಕೊರಗಿನ ಕಥೆಯಲ್ಲ, ಏಕೆಂದರೆ ಅಲ್ಲಿ ಅವನನ್ನು ಎದುರುಗೊಳ್ಳುವವರಿದ್ದರು, ಅವನ ಕಾಯಕಕ್ಕೆ ಮರ್ಯಾದೆ ಇತ್ತು. ಕಲ್ಯಾಣ ಮುರಿದು ಬಿದ್ದಾಗಲೂ ಶರಣರು ಉಳವಿಯ ಕಡೆಗೆ ಹೋದದ್ದು ಗುಂಪಾಗಿ.

ನಡೆಯುವವನ ತತ್ತ್ವ ಮಾತ್ರ ಉಳಿದು ಬರಮಾಡಿಕೊಳ್ಳುವವನ ತತ್ತ್ವ ಕಳಚಿಬಿದ್ದಿದೆ ಎನ್ನುವುದಕ್ಕೆ ಈ ಐದು ತಾಲ್ಲೂಕುಗಳ ಚರಿತ್ರೆಯೇ ಸಾಕ್ಷಿ.

ಲಂಬಾಣಿಗರನ್ನೇ ನೋಡಬಹುದು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯ ತಾಂಡಾಗಳಿಂದ ಗುಳೆ ಹೋಗುವವರಲ್ಲಿ ಅವರ ಪಾಲು ದೊಡ್ಡದು. ಅಲೆಮಾರಿಗಳಾಗಿದ್ದವರಿಗೆ ಅಲೆದಾಟ ಕಷ್ಟವೇ ಎಂದು ಕೇಳುವವರೂ ಇದ್ದಾರೆ. ಎತ್ತುಗಳ ಮೇಲೆ ದವಸ, ಉಪ್ಪು ಹೇರಿಕೊಂಡು ದಖ್ಖನಿನ ಉದ್ದಗಲ ಸಾಗುತ್ತಿದ್ದ ಅವರ ಹಿರಿಯರು ನಿಜವಾಗಿಯೂ ಊರಿಲ್ಲದವರು. ಆದರೆ ಆಗ ಹೊರಡುತ್ತಿದ್ದದ್ದು ಇಡೀ ತಾಂಡಾ. ನಾಯಕ, ಕಾರಭಾರಿ, ಮುದುಕರು, ಕೂಸುಗಳು, ದನ, ದೇವಿ, ಹಾಡು, ಜಗಳ, ಪಂಚಾಯಿತಿ ಎಲ್ಲವೂ ಒಟ್ಟಿಗೆ ಚಲಿಸುತ್ತಿದ್ದವು. ರೈಲು ಬಂದು ಹೇರೆತ್ತಿನ ವ್ಯಾಪಾರ ಸತ್ತಿತು, ಬ್ರಿಟಿಷರ ಕಾನೂನು ಅಲೆಮಾರಿಗಳನ್ನೇ ಅಪರಾಧಿಗಳಂತೆ ಕಂಡಿತು, ತಾಂಡಾಗಳು ನೆಲೆ ನಿಂತವು. ಈಗಿನ ಗುಳೆಯಲ್ಲಿ ತಾಂಡಾ ಚಲಿಸುವುದಿಲ್ಲ, ಅದರಿಂದ ದುಡಿಯುವ ತೋಳುಗಳನ್ನಷ್ಟೇ ಕಿತ್ತು ಒಯ್ಯಲಾಗುತ್ತದೆ. ಪ್ರಯಾಣ ಹಿಂದಿಗಿಂತ ಹತ್ತಿರದ್ದು, ಬೇಗನೆ ಮುಗಿಯುವಂಥದ್ದು, ಆದರೆ ಜೀವಕ್ಕೆ ಹಿಂದಿಗಿಂತ ಭಾರ.

ಇದೇ ಜನರ ಮದುವೆಯಲ್ಲಿ ಢಾವಲೋ ಎಂಬ ಹಾಡಿದೆ. ತವರು ಬಿಡುವ ಹುಡುಗಿ ಹೆತ್ತವರ ಕೊರಳು ಹಿಡಿದು, ತಾಂಡಾದ ಎಲ್ಲರ ಎದುರು ದನಿ ತೆಗೆದು ಅಳುತ್ತಾ ಹಾಡುತ್ತಾಳೆ. ಯಾರೂ ಸುಮ್ಮನಿರು ಎನ್ನುವುದಿಲ್ಲ. ಅಳದಿದ್ದರೇ ಜನ ಒಂದು ತರಹ ನೋಡುತ್ತಾರೆ. ಅಗಲಿಕೆ ಎಂಬುದು ಹೊರಗೆ ಬರಬೇಕಾದ ಸಂಕಟ, ಅದಕ್ಕೆ ಕಿವಿಗೊಡುವುದು ಸಮುದಾಯದ ಕೆಲಸ ಎಂಬ ತಿಳಿವಳಿಕೆ ಇದರೊಳಗಿದೆ. ಕಬ್ಬಿನ ಗ್ಯಾಂಗಿಗೆ ಹೊರಡುವ ತಾಯಿಗೆ, ಎಂಟು ವರ್ಷದ ಮಗನನ್ನು ಅಜ್ಜಿಯ ಕೈಗೆ ಕೊಟ್ಟು ಟ್ರ್ಯಾಕ್ಟರ್ ಹತ್ತುವಾಗ, ಅಂಥ ಯಾವ ಹಾಡೂ ಇಲ್ಲ. ಮುಂಗಡ ತಿಂದಾಗಿದೆ, ಮೇಸ್ತ್ರಿ ಹಾರನ್ ಹೊಡೆಯುತ್ತಿದ್ದಾನೆ.

ಇಡೀ ಊರೇ ಎದ್ದುಹೋದ ಉದಾಹರಣೆಯೂ ಇಲ್ಲೇ ಇದೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತಾಗ ಸುಮಾರು 90 ಹಳ್ಳಿಗಳು ಮುಳುಗಿ 50 ಸಾವಿರಕ್ಕೂ ಹೆಚ್ಚು ಜನ ನೆಲೆ ಕಳೆದುಕೊಂಡರು. ನಾರಾಯಣದೇವರಕೆರೆ ಎಂಬ ಊರು ಮುಳುಗಿ ಅಲ್ಲಿನವರು ಮರಿಯಮ್ಮನಹಳ್ಳಿಗೆ ಬಂದರು. ಅವರಿಗೆ ಆದ ನಷ್ಟ ಸಣ್ಣದಲ್ಲ. ಗದ್ದೆ ಹೋಯಿತು, ಗುಡಿಯ ಕಲ್ಲು ನೀರಿನಡಿಗೆ ಹೋಯಿತು. ಆದರೂ ಹೊಸ ಊರು ರಂಗಭೂಮಿಯ ಊರೆಂದು ಹೆಸರು ಮಾಡಿತು, ನಟಿಯರನ್ನೂ ಹಾರ್ಮೋನಿಯಂ ಮಾಸ್ತರರನ್ನೂ ನಾಡಿಗೆ ಕೊಟ್ಟಿತು. ನೆರೆಹೊರೆ ಜೊತೆಗೇ ಬಂದದ್ದು ಇದಕ್ಕೆ ಕಾರಣಗಳಲ್ಲಿ ಒಂದು ಎಂದರೆ ತಪ್ಪಾಗಲಾರದು. ಬೈಲಕುಪ್ಪೆಯಲ್ಲಿ 1960ರಿಂದ, ಮುಂಡಗೋಡಿನಲ್ಲಿ 1966ರಿಂದ ನೆಲೆಸಿದ ಟಿಬೆಟನ್ನರ ವಿಷಯದಲ್ಲೂ ಹೀಗೆಯೇ. ಕಾಡು ಕಡಿದು ಜೋಳ ಬಿತ್ತುತ್ತಲೇ ಅವರು ಸೆರಾ, ಡ್ರೆಪುಂಗ್, ಗಾಂಡೆನ್ ಮಠಗಳನ್ನು ಇಲ್ಲಿ ಮತ್ತೆ ಎತ್ತಿದರು. ದೇವರಿಗಿಂತ ಮೊದಲು ಸಂಘ ವಲಸೆ ಬಂದಿತ್ತು.

ವಿಯೆಟ್ನಾಮಿನವರ ಬಗ್ಗೆ ನಡೆದ ದೀರ್ಘ ಅಧ್ಯಯನವೂ ಇದೇ ಕಡೆಗೆ ಬೆರಳು ಮಾಡುತ್ತದೆ. ಕೆನಡಾದ ವ್ಯಾಂಕೂವರ್‌ನಲ್ಲಿ ಮಾರ್ಟನ್ ಬೈಸರ್ ಎಂಬ ಮನೋವೈದ್ಯ 1981ರಿಂದ ಹತ್ತು ವರ್ಷ ಆಗ್ನೇಯ ಏಷ್ಯಾದ ನಿರಾಶ್ರಿತರನ್ನು ಹಿಂಬಾಲಿಸಿ ಅಧ್ಯಯನ ಮಾಡಿದರು. ಆರಂಭದ ಕಷ್ಟದ ದಿನಗಳಲ್ಲಿ, ಆ ನಗರದಲ್ಲಿ ಮೊದಲೇ ಬೇರೂರಿದ್ದ ಚೀನೀ ಸಮುದಾಯದ ಆಸರೆ ಸಿಕ್ಕ ಚೀನೀ ಮೂಲದವರು, ಅಂಥ ಆಸರೆ ಇಲ್ಲದ ವಿಯೆಟ್ನಾಮೀಯರಿಗಿಂತ ಕಡಿಮೆ ಖಿನ್ನರಾಗಿದ್ದರು. ಆಗ ಕೆನಡಾದ ಚರ್ಚುಗಳೂ ಸಾಮಾನ್ಯ ನಾಗರಿಕರೂ ಗುಂಪು ಕಟ್ಟಿಕೊಂಡು ನಿರಾಶ್ರಿತ ಕುಟುಂಬಗಳ ಹೊಣೆ ಹೊತ್ತಿದ್ದರು. ಈ ಔದಾರ್ಯಕ್ಕಾಗಿ 1986ರಲ್ಲಿ ಕೆನಡಾದ ಜನತೆಗೆ ವಿಶ್ವಸಂಸ್ಥೆಯ ನಾನ್ಸೆನ್ ಪದಕ ಬಂತು. ಆದರೆ ಬೌದ್ಧ ಕುಟುಂಬಕ್ಕೆ ಕ್ರೈಸ್ತ ಗುಂಪು ಆಶ್ರಯ ಕೊಟ್ಟ ಕಡೆಗಳಲ್ಲಿ, ಧರ್ಮದ ಈ ಅಂತರವೇ ಮನಸ್ಸಿನ ಭಾರವಾಗಿ ಪರಿಣಮಿಸಿದ್ದೂ ಕಂಡುಬಂತು. ಉಪಕಾರದ ಋಣ ತೀರಿಸಲು ಭಾನುವಾರ ಚರ್ಚಿಗೆ ಹೋಗಬೇಕೇ ಬೇಡವೇ ಎಂಬ ಇಕ್ಕಟ್ಟು ಬಹುಶಃ ಸಾಮಾನ್ಯವಾಗಿತ್ತು. ಬರಮಾಡಿಕೊಳ್ಳುವುದರಲ್ಲೂ ನಾನಾ ಬಗೆ ಇವೆ; ಜಾತಿ ಕೇಳಿ ನೀರು ಕೊಡುವ ನಾಡಿನವರಿಗೆ ಇದು ಸುಲಭವಾಗಿ ಅರ್ಥವಾಗಬೇಕು.

ವಿಯೆಟ್ನಾಮಿನ ಬೌದ್ಧ ಗುರು ತಿಕ್ ನ್ಯಾಟ್ ಹಾನ್ ಅವರ ಬದುಕು ಈ ತತ್ತ್ವಚರ್ಚೆಗೆ ಒಂದು ವಿಚಿತ್ರ ತಿರುವು ಕೊಡುತ್ತದೆ. 1966ರಲ್ಲಿ ಯುದ್ಧದ ವಿರುದ್ಧ ಮಾತಾಡಲು ಹೊರದೇಶಕ್ಕೆ ಹೋದವರಿಗೆ ತಾಯ್ನಾಡಿನ ಬಾಗಿಲು ಮುಚ್ಚಿತು. ದಶಕಗಳ ಕಾಲ ಅವರು ಫ್ರಾನ್ಸಿನಲ್ಲಿದ್ದರು. ಮನೆ ಎಂಬುದು ಊರಿನಲ್ಲಿಲ್ಲ, ಈ ಕ್ಷಣದ ಉಸಿರಿನಲ್ಲಿದೆ ಎಂದು ಜಗತ್ತಿಗೆಲ್ಲ ಕಲಿಸಿದರು. ಇಷ್ಟಲಿಂಗದಷ್ಟೇ ಹಗುರವಾಗಿ ಎಲ್ಲಿಗೂ ಒಯ್ಯಬಹುದಾದ ಮನೆ ಅದು. ಆದರೆ ಪಾರ್ಶ್ವವಾಯು ಬಡಿದು ಮಾತು ನಿಂತ ಮೇಲೆ, 2018ರಲ್ಲಿ, ಅವರು ಹೋಗಿ ಸೇರಿದ್ದು ಹ್ಯೂ ನಗರದ ತು ಹಿಯೆಯು ಮಠವನ್ನು. ಹದಿನಾರರ ಹರೆಯದಲ್ಲಿ ದೀಕ್ಷೆಗೆಂದು ಸೇರಿದ್ದ ಮಠವೇ ಅದು. 2022ರ ಜನವರಿ 22ರಂದು ಅಲ್ಲಿಯೇ ತೀರಿಕೊಂಡರು. ಕಲಿಸಿದ್ದಕ್ಕೆ ವಿರುದ್ಧವಾಗಿ ನಡೆದರು ಎಂದು ಇದನ್ನು ಓದಬೇಕಿಲ್ಲ. ಉಸಿರನ್ನೇ ಮನೆ ಮಾಡಿಕೊಂಡವರಿಗೂ ಒಂದು ಸ್ಥಳದ ಹಂಬಲ ಉಳಿದಿರಬಹುದು, ಅದರಲ್ಲಿ ನಾಚಿಕೆಯದೇನೂ ಇಲ್ಲ.

ಮೈಲಾರಕ್ಕೆ ಬರುವ ಜನರಿಗೆ ಇದನ್ನು ತತ್ತ್ವಜ್ಞಾನಿಗಳು ವಿವರಿಸಬೇಕಾಗಿಲ್ಲ. ಹಡಗಲಿ ತಾಲ್ಲೂಕಿನ ಈ ಊರಲ್ಲಿ ಭಾರತ ಹುಣ್ಣಿಮೆಯ ಜಾತ್ರೆಗೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ಎಂಬ ಭವಿಷ್ಯವಾಣಿ ನುಡಿಯುತ್ತಾನೆ. ಮರುದಿನದ ಪತ್ರಿಕೆಗಳಲ್ಲಿ ಆ ಒಂದು ಸಾಲಿನಿಂದ ಮಳೆಯನ್ನೂ ಮುಖ್ಯಮಂತ್ರಿಯ ಭವಿಷ್ಯವನ್ನೂ ಹಿಂಡಿ ತೆಗೆಯುತ್ತಾರೆ. ಮೈಲಾರಲಿಂಗ ಕುರಿ ಕಾಯುವವರ ದೇವರು. ಮಂದೆಯ ಹಿಂದೆ ತಿಂಗಳುಗಟ್ಟಲೆ ಅಲೆಯುವ ಕುರುಬರೇ ಅವನ ದೊಡ್ಡ ಒಕ್ಕಲು. ಇವನನ್ನೇ ಮಹಾರಾಷ್ಟ್ರದ ಜೇಜುರಿಯಲ್ಲಿ ಖಂಡೋಬ ಎಂದೂ ತೆಲುಗು ನಾಡಿನಲ್ಲಿ ಮಲ್ಲಣ್ಣ ಎಂದೂ ಕರೆಯುತ್ತಾರೆ. ದೇವರು ನಡೆಯುವ ಜನರೊಡನೆ ನಡೆದಿದ್ದಾನೆ, ಆದರೆ ವರ್ಷಕ್ಕೊಮ್ಮೆ ಒಂದು ಮರಡಿಯ ಮೇಲೆ ನಿಂತು ಎಲ್ಲರನ್ನೂ ವಾಪಸು ಕರೆಸಿಕೊಳ್ಳುತ್ತಾನೆ. ಫೆಬ್ರುವರಿಯ ಆಸುಪಾಸಿನಲ್ಲೇ ಕೊಟ್ಟೂರೇಶ್ವರನ ತೇರಿಗೆ ದಾವಣಗೆರೆಯ ಕಡೆಯಿಂದ ಪಾದಯಾತ್ರೆ ಹೊರಡುತ್ತದೆ. ಫೆಬ್ರುವರಿ 15ಕ್ಕೆ, ಸೇವಾಲಾಲ್ ಜಯಂತಿಗೆ, ಮಾಲೆ ಧರಿಸಿದವರು ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ದಾರಿ ಹಿಡಿಯುತ್ತಾರೆ. ಗುಳೆ ಇನ್ನೂ ಮುಗಿಯದ ಹೊತ್ತು ಅದು. ಆದರೂ ಕಬ್ಬಿನ ಗದ್ದೆಯಿಂದ, ಸೆಂಟ್ರಿಂಗ್ ಕೆಲಸದಿಂದ ಎರಡು ದಿನ ಬಿಡಿಸಿಕೊಂಡು ಬರುವವರಿದ್ದಾರೆ. ಬಸ್ಸಿನ ಖರ್ಚು ನೋಡಿದರೆ ಇದು ದಡ್ಡತನ. ಆದರೆ ಬೀಗರು, ಓರಗೆಯವರು, ಬಿಟ್ಟುಹೋದ ಮಗ ಎಲ್ಲರೂ ಒಂದೇ ಕಡೆ ಸಿಗುವ ದಿನ ಬೇರೆ ಯಾವುದಿದೆ? ಶರಣರು ಸ್ಥಾವರವನ್ನು, ಅಂದರೆ ನಿಂತ ಗುಡಿಯನ್ನು, ಟೀಕಿಸಿದ್ದು ಅದು ಬಡವನನ್ನು ಹೊರಗಿಟ್ಟು ಪೂಜಾರಿಯನ್ನು ಸಾಕುತ್ತಿದ್ದುದಕ್ಕೆ. ಚದುರಿದ ಬಡವರು ಮತ್ತೆ ಕೂಡುವ ಸ್ಥಾವರವನ್ನು ಆ ಟೀಕೆಯ ಲೆಕ್ಕಕ್ಕೆ ಸೇರಿಸುವುದು ಸರಿಯಲ್ಲ.

ಹಾಗೆಂದು ಜಾತ್ರೆಯೇ ಚಿಕಿತ್ಸೆ ಎನ್ನಲಾಗದು. ನಿಮ್ಹಾನ್ಸ್‌ನ ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ಗುಡಿಯಲ್ಲಿ ತಂಗಿದ್ದ 31 ಮನೋರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಔಷಧವಿಲ್ಲದೆಯೂ ರೋಗಲಕ್ಷಣಗಳು ಸುಮಾರು ಶೇ 20ರಷ್ಟು ತಗ್ಗಿದ್ದವು. ಅಲ್ಲಿ ಮಂತ್ರವಾದ, ಹೊಡೆತ, ಬಡಿತ ಇರಲಿಲ್ಲ. ಇರಲು ಜಾಗ, ಮಾಡಲು ಸಣ್ಣ ಪುಟ್ಟ ಕೆಲಸ, ಗೌರವದ ಮಾತು ಇದ್ದವು. ಅದಕ್ಕೆ ಹಿಂದಿನ ವರ್ಷವೇ, 2001ರ ಆಗಸ್ಟ್ 6ರಂದು, ಅದೇ ತಮಿಳುನಾಡಿನ ಏರ್ವಾಡಿಯಲ್ಲಿ ದರ್ಗಾದ ನಂಬಿಕೆಯಲ್ಲಿ ಸರಪಳಿ ಹಾಕಿ ಕಟ್ಟಿಟ್ಟಿದ್ದ 28 ಮನೋರೋಗಿಗಳು ಬೆಂಕಿಗೆ ಸಿಕ್ಕಿ ಸತ್ತರು. ಒಂದು ಕಡೆ ಬಂದವರನ್ನು ಮನುಷ್ಯರಂತೆ ಇಟ್ಟುಕೊಂಡರು, ಇನ್ನೊಂದು ಕಡೆ ಕಂಬಕ್ಕೆ ಕಟ್ಟಿದರು. ನಂಬಿಕೆ ಎರಡೂ ಕಡೆ ಇತ್ತು.

ಈಗ ಸರ್ಕಾರದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುತ್ತಾರೆ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ, 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು. ಆದರೆ ಮಂಗಳವಾರ ಹಡಗಲಿಯಲ್ಲಿ ಮಾತ್ರೆ ಶುರು ಮಾಡಿದ ಹೆಂಗಸು ದೀಪಾವಳಿ ಮುಗಿದ ವಾರ ಮಂಡ್ಯ ಜಿಲ್ಲೆಯ ಯಾವುದೋ ಕಬ್ಬಿನ ಗದ್ದೆಯಲ್ಲಿರುತ್ತಾಳೆ. ಖಿನ್ನತೆಯ ಮಾತ್ರೆಯನ್ನು ತಿಂಗಳುಗಟ್ಟಲೆ ತಪ್ಪದೆ ತೆಗೆದುಕೊಳ್ಳಬೇಕು. ನಡುವೆ ಥಟ್ಟನೆ ನಿಲ್ಲಿಸಿದರೆ ರೋಗ ಮರುಕಳಿಸಬಹುದು. ಅಲ್ಲಿನ ಆಸ್ಪತ್ರೆಗೆ ಅವಳ ಚೀಟಿ ಹೊಸದು, ಅವಳ ಮಾತಿನ ಧಾಟಿ ಹೊಸದು, ಮೇಸ್ತ್ರಿ ಅರ್ಧ ದಿನ ರಜೆ ಕೊಡುವುದಿಲ್ಲ.

ಗುಜರಾತಿನ ಉನಾವಾದಲ್ಲಿ ಮೀರಾ ದಾತಾರ್ ದರ್ಗಾಕ್ಕೆ ಬರುವ ಮನೋರೋಗಿಗಳಿಗೆ, ಪ್ರಾರ್ಥನೆಯನ್ನು ಬಿಡಿಸದೆ ಅಲ್ಲಿಯೇ ವೈದ್ಯರನ್ನು ಕೂರಿಸಿ ಮಾತ್ರೆ ಕೊಡುವ ‘ದವಾ ದುವಾ’ ಕಾರ್ಯಕ್ರಮ 2008ರಲ್ಲಿ ಶುರುವಾಯಿತು. ದರ್ಗಾದ ಮುಜಾವರರೇ ರೋಗಿಗಳನ್ನು ವೈದ್ಯರ ಬಳಿ ಕಳಿಸುತ್ತಾರೆ. ಮೈಲಾರದಲ್ಲಿ, ಕೊಟ್ಟೂರಿನಲ್ಲಿ, ಸೂರಗೊಂಡನಕೊಪ್ಪದಲ್ಲಿ ಅಂಥದ್ದೊಂದು ಮೇಜು ಹಾಕಲು ಹೊಸ ಕಟ್ಟಡ ಬೇಕಿಲ್ಲ. ಗೊರವಯ್ಯಗಳಿಗೂ ಮಠದ ಸ್ವಾಮಿಗಳಿಗೂ ತಾಂಡಾದ ನಾಯಕರಿಗೂ ಆರೋಗ್ಯ ಇಲಾಖೆ ಒಂದು ಮಾತು ಹೇಳಿದರೆ ಸಾಕು. ಬೆಂಗಳೂರಿನಲ್ಲಿ ಶಾಖೆಯಿರುವ ಮಠಗಳ ಪಾಲಿನ ಕೆಲಸ ಇನ್ನೂ ಸುಲಭ. ಓದುವ ಹುಡುಗರಿಗೆ ಉಚಿತ ಪ್ರಸಾದನಿಲಯ ನಡೆಸಿ ಲಕ್ಷಾಂತರ ಮಕ್ಕಳನ್ನು ಸಾಕಿದ ಪರಂಪರೆ ಅವುಗಳದು. ಗಾರೆ ಕೆಲಸದವರ ಶೆಡ್ಡುಗಳ ಕಡೆಗೆ, ಟೆಂಟ್ ಶಾಲೆಯ ಮಕ್ಕಳ ಕಡೆಗೆ ಆ ದಾಸೋಹ ಇನ್ನೂ ಹೆಚ್ಚಾಗಿ ಹೋಗಿಲ್ಲ. ಹೋದರೆ, ಊಟದ ಪಂಕ್ತಿಯಲ್ಲಿ ಮೊದಲು ಕೇಳಬೇಕಾದದ್ದು ಯಾವ ಊರು, ಮನೆಯಲ್ಲಿ ಯಾರನ್ನು ಬಿಟ್ಟು ಬಂದಿರಿ, ರಾತ್ರಿ ನಿದ್ದೆ ಬರುತ್ತದೆಯೇ ಎಂದು. ಜಾತಿ ಯಾವುದೆಂದಲ್ಲ.